ಮೇಡಂಗೆ ಕೇಳಿ: ‘ಹೊರಗಿನವರು’ ಅಂದ ಕೂಡಲೇ ಸಿಟ್ಟು ಯಾಕೆ?

ಅಡ್ಮಿನ್: ನಮ್ಮ ರಾಯಚೂರು ಓದುಗರ ಗುಂಪಿನಲ್ಲಿ ಇವತ್ತು ರಾಜ್ಯಶಾಸ್ತ್ರದ ಮೇಡಂ ಇದ್ದಾರೆ. ವಲಸೆ, ಪಾಪ್ಯುಲಿಸಂ, ಜನರ ಸಿಟ್ಟು ಮತ್ತು ಭಯ ಇವುಗಳ ಮೇಲಿನ ಸಂಶೋಧನೆಯೇ ಅವರ ವಿಷಯ. ಪಕ್ಷದ ಜಗಳ ಬೇಡ. ಫಾರ್ವರ್ಡ್ ಬೇಡ.

ದೇವದುರ್ಗ ಹುಡುಗ: ಮೇಡಂ, ಪಾಪ್ಯುಲಿಸಂ ಅಂದರೆ ಫ್ರೀ ಬಸ್, ಫ್ರೀ ಕರೆಂಟ್ ಕೊಡುವುದು ತಾನೆ?

ಮೇಡಂ: ಅಲ್ಲ, ಅದು ಜನಪ್ರಿಯ ಯೋಜನೆ. ಡಚ್ ವಿದ್ವಾಂಸ ಕಾಸ್ ಮುಡ್ಡೆ 2004ರಲ್ಲಿ ಕೊಟ್ಟ ವಿವರಣೆಯನ್ನು ಈಗ ಬಹಳ ಜನ ಬಳಸುತ್ತಾರೆ. ಒಂದು ಕಡೆ ಒಳ್ಳೆಯ ಜನಸಾಮಾನ್ಯರು, ಇನ್ನೊಂದು ಕಡೆ ಭ್ರಷ್ಟರಾದ ಮೇಲಿನವರು, ನಡೆಯಬೇಕಾದ್ದು ಜನರ ಮಾತೇ ಎನ್ನುವ ನಿಲುವು ಅದು. ವಲಸಿಗರ ಮೇಲೆ ಸಿಟ್ಟು ಇರಲೇಬೇಕು ಅಂತಿಲ್ಲ. ಸ್ಪೇನಿನ ಪೊಡೆಮೊಸ್ ಪಕ್ಷವನ್ನೂ ಪಾಪ್ಯುಲಿಸ್ಟ್ ಅನ್ನುತ್ತಾರೆ, ಅದು ವಲಸಿಗರ ವಿರೋಧಿ ಅಲ್ಲ.

ಮಾನ್ವಿ ಮೇಷ್ಟ್ರು: ಹೊರಗಿನವರು ಜಾಸ್ತಿ ಬಂದ ಕಡೆ ವಿರೋಧ ಜಾಸ್ತಿ. ಇದಕ್ಕೆ ಸಂಶೋಧನೆ ಬೇಕಾ?

ಮೇಡಂ: ಬೇಕು ಸರ್. 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೇ ಅಂತ ಮತ ಕೇಳಿತು. ಮೂವರಲ್ಲಿ ಒಬ್ಬರು ಪರದೇಶದಲ್ಲಿ ಹುಟ್ಟಿದವರಿರುವ ಲಂಡನ್ ‘ಬಿಡೋದು ಬೇಡ’ ಅಂದಿತು. ಇಂಗ್ಲೆಂಡಿನದೇ ಬೋಸ್ಟನ್ ಎಂಬ ಸಣ್ಣ ಊರಿನ ಕಡೆ ನೂರಕ್ಕೆ 75ಕ್ಕೂ ಹೆಚ್ಚು ಮತ ‘ಬಿಡೋಣ’ಕ್ಕೆ ಬಿತ್ತು. ಅಲ್ಲಿಗೆ ಕೆಲವೇ ವರ್ಷಗಳಲ್ಲಿ ಪೂರ್ವ ಯುರೋಪಿನ ಕೂಲಿಯವರು ಹೊಲದ ಕೆಲಸಕ್ಕೆ ಬಂದಿದ್ದರು. ಎಷ್ಟು ಜನ ಅನ್ನುವುದರ ಜೊತೆ ಎಷ್ಟು ಬೇಗ ಬಂದರು ಅನ್ನುವುದನ್ನೂ ನೋಡಬೇಕು.

ಕ್ಯಾಂಪಿನ ಮಗಳು: ಮೇಡಂ, ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಡ್ಯಾಮ್ ಆದಮೇಲೆ ಅಜ್ಜ ಆಂಧ್ರದ ಗುಂಟೂರು ಕಡೆಯಿಂದ ಬಂದು ಇಲ್ಲಿ ಜಮೀನು ಕೊಂಡರು. ಹಾಗೆ ಬಂದವರ ಊರಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ. ಈ ವರ್ಷ ಊರಿನ ಅಕ್ಕಿ ಗಿರಣಿಗೆ ಬಿಹಾರದ ಹಮಾಲರು ಬಂದಿದ್ದಾರೆ. ಅಪ್ಪ ದಿನಾ ಸಂಜೆ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ವಾಯ್ಸ್ ಮೆಸೇಜ್ ಜೋರಾಗಿ ಹಾಕಿಕೊಂಡು ಕೂರುತ್ತಾರೆ. ಅದೇ ಹಮಾಲರು ಮನೆ ಮುಂದೆ ಬಂದರೆ ಕರೆದು ಮಜ್ಜಿಗೆ ಕೊಡುತ್ತಾರೆ! ಮೊನ್ನೆ ಅಂಕಿಅಂಶ ತೋರಿಸಿದೆ, ಫೋನ್ ಎಸೆದರು. ನಿನ್ನೆ ರಾತ್ರಿ ನಾಲ್ಕೈದು ಹುಡುಗರು ಬೈಕ್ ತಗೊಂಡು ಹೋಗಿ ಆ ಹಮಾಲರ ರೂಮಿನ ಮುಂದೆ ನಿಂತಿದ್ದರಂತೆ. ‘ಕಣ್ಣಿಡ್ರಿ’ ಅಂತ ಹೇಳಿದವರು ಅಪ್ಪನೇ. ಏನು ಮಾಡಲಿ?

ಮೇಡಂ: ತಂಗಿ, ಮೊದಲು ಆ ಬೈಕಿನ ವಿಷಯ. ಇದು ನನ್ನ ಶಾಸ್ತ್ರ ಅಲ್ಲ, ಪೊಲೀಸರ ಕೆಲಸ. ಈಗಲೇ ಠಾಣೆಗೆ ಹೇಳಿ, ಗಿರಣಿ ಮಾಲೀಕರಿಗೂ ಹೇಳಿ. ಮತ್ತೆ ಗುಂಪು ಸೇರಿದರೆ 112. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಹುಡುಗನನ್ನು ಹೊಡೆದು ಕೊಂದದ್ದು ಇದೇ ಗಾಳಿಸುದ್ದಿ ನಂಬಿ. ಎರಡೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ಕಡೆ, ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ನೆಪವಾಗಿ, ಹೈದರಾಬಾದಿನ ಇಂಜಿನಿಯರ್ ಒಬ್ಬರು ಸತ್ತರು. ಅದಾದ ಮೇಲೆಯೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿದ್ದು.

ಇನ್ನು ಅಪ್ಪ. ಭಯ, ಸಿಟ್ಟು ಎರಡೂ ಒಂದೇ ಅಲ್ಲ. ಹೆದರಿದವನು ಸುದ್ದಿ ಹುಡುಕುತ್ತಾನೆ, ಆದರೆ ಹೆದರಿಸುವ ಸುದ್ದಿಯನ್ನೇ ಹೆಕ್ಕುತ್ತಾನೆ. ಸಿಟ್ಟಾದವನಿಗೆ ತಪ್ಪು ಯಾರದು ಅಂತ ಆಗಲೇ ಗೊತ್ತಾಗಿಬಿಟ್ಟಿರುತ್ತದೆ, ಎದ್ದು ಹೊರಡುತ್ತಾನೆ. ಸ್ಪೇನಿನ ಒಂದು ಅಧ್ಯಯನದಲ್ಲೂ (2017) ಪಾಪ್ಯುಲಿಸ್ಟ್ ಮನೋಭಾವದ ಜೊತೆ ಕಂಡದ್ದು ಸಿಟ್ಟು, ಭಯ ಅಲ್ಲ. ನಿಮ್ಮ ಅಪ್ಪ ಇಷ್ಟು ದಿನ ಮೆಸೇಜ್ ಕೇಳುತ್ತಿದ್ದರು, ಈಗ ಹುಡುಗರನ್ನು ಕಳಿಸುತ್ತಿದ್ದಾರೆ. ಅದಕ್ಕೇ ನನಗೆ ಆತಂಕ.

ಅಂಕಿಅಂಶ ಯಾಕೆ ನಾಟಲಿಲ್ಲ ಅಂದರೆ, ಅಮೆರಿಕದಲ್ಲೂ ನಾಟಿಲ್ಲ. ವಲಸಿಗರು ಇರುವುದಕ್ಕಿಂತ ಜಾಸ್ತಿ ಇದ್ದಾರೆ ಅಂತ ಜನ ಊಹಿಸುತ್ತಾರೆ, ಸರಿಯಾದ ಸಂಖ್ಯೆ ಹೇಳಿದರೂ ನಿಲುವು ಅಲ್ಲೇ ಇರುತ್ತದೆ. ಅಲ್ಲೇ 2008ರ ಇನ್ನೊಂದು ಪ್ರಯೋಗದಲ್ಲಿ, ವಲಸೆಯಿಂದ ನಷ್ಟ ಅನ್ನುವ ಒಂದೇ ಸುದ್ದಿಗೆ ಬೇರೆ ಬೇರೆ ಫೋಟೊ, ಹೆಸರು ಹಾಕಿದರು. ಕೆಲವರಿಗೆ ಮೆಕ್ಸಿಕೊದವನು, ಕೆಲವರಿಗೆ ರಷ್ಯಾದವನು. ಮೆಕ್ಸಿಕೊದವನನ್ನು ನೋಡಿದವರಲ್ಲಿ ವಿರೋಧ ಜಾಸ್ತಿ. ನಷ್ಟದ ಲೆಕ್ಕ ಹಾಕಿ ಅಲ್ಲ, ಆತಂಕದಿಂದ.

ಸ್ವಲ್ಪ ಕೆಲಸ ಮಾಡಿದ್ದು ಒಂದಿದೆ. ಅಮೆರಿಕದ ಸಂಶೋಧಕರಾದ ಕಲ್ಲಾ ಮತ್ತು ಬ್ರೂಕ್‌ಮನ್ 2020ರಲ್ಲಿ ಪ್ರಕಟಿಸಿದ್ದು. ಕಾರ್ಯಕರ್ತರು ಮನೆಮನೆಗೆ ಹೋದರು, ತಪ್ಪು ಅನ್ನದೆ ಕೇಳಿಸಿಕೊಂಡರು, ಇಬ್ಬರೂ ತಮ್ಮ ತಮ್ಮ ಅನುಭವ ಹೇಳಿಕೊಂಡರು. ಬದಲಾವಣೆ ಸಣ್ಣದೇ, ಆದರೆ ನಾಲ್ಕು ತಿಂಗಳಾದರೂ ಉಳಿದಿತ್ತು. ಬರೀ ವಾದ ಮಾಡಿದ ಕಡೆ ಏನೂ ಆಗಲಿಲ್ಲ. ಅಜ್ಜ ಬಂದ ಮೊದಲ ವರ್ಷ ಊರವರು ಹೇಗೆ ನೋಡಿದರು ಅಂತ ಅಪ್ಪನನ್ನು ಕೇಳಿ. ‘ನೋಡಿದ್ಯಾ, ನಾವೂ ಹಂಗೇ ಬಂದಿದ್ದು’ ಅಂತ ಮಾತ್ರ ಕೊನೆಗೆ ಸೇರಿಸಬೇಡಿ, ಕೆಟ್ಟುಹೋಗುತ್ತದೆ.

ಲಿಂಗಸುಗೂರು: ಮೇಡಂ, ಸಂವಿಧಾನದ 371(ಜೆ) ವಿಧಿ ಅಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ನೌಕರಿ ಮೀಸಲು ಕೇಳುತ್ತೇವಲ್ಲ, ಅದೂ ‘ಹೊರಗಿನವರು ಬೇಡ’ ಅಂದಂಗೇ ಆಯಿತಾ?

ಮಸ್ಕಿ ಟೀ ಅಂಗಡಿ: ಅಕ್ಕಾ ಇದನ್ನು ನೋಡಿ. ‘ಈ 10 ಅಂಶ ಮನೆ ಹಿರಿಯರಿಗೆ ಕಳಿಸಿ, 3 ದಿನದಲ್ಲಿ ದ್ವೇಷ ಮಾಯ. ಹಾರ್ವರ್ಡ್ ಸಂಶೋಧನೆ. 11 ಜನಕ್ಕೆ ಕಳಿಸಿ.’

ಮೇಡಂ: ಯಾರ ಸಂಶೋಧನೆ? ಹೆಸರಿಲ್ಲ, ವರ್ಷ ಇಲ್ಲ. ಮಕ್ಕಳ ಕಳ್ಳರ ಮೆಸೇಜಿಗೂ ಇದಕ್ಕೂ ಏನು ವ್ಯತ್ಯಾಸ? ಡಿಲೀಟ್ ಮಾಡಿ.

ಮಸ್ಕಿ ಟೀ ಅಂಗಡಿ: ಒಳ್ಳೆಯದಕ್ಕೇ ಹಾಕಿದ್ದು, ಬೈಯುವುದು ಯಾಕೆ? ಗಾಳಿಸುದ್ದಿಗೆಲ್ಲ ಅಷ್ಟು ಶಕ್ತಿ ಇಲ್ಲ ಬಿಡಿ.

ಮೇಡಂ: 2012ರ ಆಗಸ್ಟಿನಲ್ಲಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದ್ದು ಯಾವುದಕ್ಕೆ ಹೆದರಿ? ಡಿಲೀಟ್ ಮಾಡಿ ಅಂದೆ.

ಊರ ಗೌಡ: ನಿಜ ಹೇಳಬೇಕಂದರೆ ಕ್ಯಾಂಪಿನವರೇ ಹೊರಗಿನವರು. ನೀರು ಬಂತು, ನಮ್ಮವರ ಹೊಲ ಅಗ್ಗಕ್ಕೆ ಹೋಯಿತು.

ಗಂಗಾವತಿ ಭತ್ತ: ಮಾರಿದವರು ಯಾರು ಗೌಡ್ರೆ? ಜಾಲಿ ಕಡಿದು ಗದ್ದೆ ಮಾಡಿದ್ದು ಯಾರು?

ಊರ ಗೌಡ: ಕೂಲಿಗೆ ನಿಂತವರು ನಮ್ಮವರೇ. ಅದನ್ನೂ ಹೇಳಿ.

ಲಿಂಗಸುಗೂರು: ನಮ್ಮ ಜನ ಬೆಂಗಳೂರಿಗೆ ಗುಳೆ ಹೋಗಿ ಶೆಡ್ಡಿನಲ್ಲಿ ಮಲಗುತ್ತಾರೆ. ಅಲ್ಲಿ ಅವರೇ ಹೊರಗಿನವರು, ಅಲ್ವಾ?

ಗಂಗಾವತಿ ಭತ್ತ: ಸುಮ್ನೆ ಇರ್ರೀ, ಅದು ಬೇರೆ ಇದು ಬೇರೆ.

ಅಡ್ಮಿನ್: ಇನ್ನೊಂದು ಸಲ ‘ನಮ್ಮವರು ನಿಮ್ಮವರು’ ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ದೇವದುರ್ಗ ಹುಡುಗ: ಹಾಗಾದರೆ ಗ್ಯಾರಂಟಿ ಯೋಜನೆ ಪಾಪ್ಯುಲಿಸಂ ಅಲ್ವಾ ಮೇಡಂ?

ಮೇಡಂ: ಮೇಲೆ ಓದಿ.

ಕ್ಯಾಂಪಿನ ಮಗಳು: ಠಾಣೆಗೆ ಹೇಳಿದೆ. ಮಾಲೀಕರು ಹಮಾಲರನ್ನು ಗಿರಣಿ ಒಳಗೇ ಮಲಗಿಸಿದ್ದಾರೆ. ಅಪ್ಪನನ್ನು ಕೇಳಿದೆ. ಮೊದಲ ಬೇಸಿಗೆಯಲ್ಲಿ ಅಜ್ಜನಿಗೆ ಊರ ಬಾವಿಗೆ ಬರಬೇಡ ಅಂದಿದ್ದರಂತೆ. ಅಷ್ಟು ಹೇಳಿ ಸುಮ್ಮನಾದರು. ಆಮೇಲೆ ಮತ್ತೆ ಅದೇ ಮೆಸೇಜ್ ಹಾಕಿಕೊಂಡರು.

ಊರ ಗೌಡ: ಬಾವಿ ಕಥೆ ಸುಳ್ಳು.

ಮೇಡಂ: ಗೌಡ್ರೆ, ನಿಮ್ಮನ್ನು ಕೇಳಿಲ್ಲ. ತಂಗಿ, ಇವತ್ತು ಬೈಕ್ ಬಂತಾ?

ಕ್ಯಾಂಪಿನ ಮಗಳು: ಒಂದು ಬಂದು ನಿಂತು ಹೋಯಿತು.

ಮೇಡಂ: ನಂಬರ್ ಬರೆದು ಠಾಣೆಗೆ ಕೊಡಿ. ಅಡ್ಮಿನ್, ನನಗೆ ಇವತ್ತಿಗೆ ಸಾಕು.

ಲಿಂಗಸುಗೂರು: ಮೇಡಂ, ನನ್ನ 371(ಜೆ) ಪ್ರಶ್ನೆ ಹಾಗೇ ಉಳಿಯಿತು.