ಶನಿವಾರದ ಅರ್ಧ ಗಂಟೆಯಲ್ಲಿ ಜಾಝ್ ಪಕ್ಕ ತಾಳಮದ್ದಳೆ ಕೂರಿಸಬಹುದೇ?

ಮಂಡಿ ಲೆಕ್ಕದವ:

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ ಸಂಜೆ ಕೆಲಸ ಮುಗಿಸಿ ನಮ್ಮೂರಿನ ಸಮುದಾಯ ಬಾನುಲಿಗೆ ಹೋಗಿ, ಏಳರಿಂದ ಏಳೂವರೆವರೆಗೆ ಜಾಝ್ ಹಾಕಿ ಅದರ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇನೆ. ಮೂರು ವರ್ಷವಾಯಿತು.

ಈಗ ಸಮಿತಿಯವರು ಆ ಅರ್ಧ ಗಂಟೆ ಬಿಟ್ಟುಕೊಡಿ ಎಂದಿದ್ದಾರೆ. ಸಮುದಾಯ ಬಾನುಲಿ ಇರುವುದು ನಮ್ಮ ಕಲೆಗಳಿಗೆ, ಜಾಝ್ ಯಾರಿಗೂ ಅರ್ಥವಾಗುವುದಿಲ್ಲ, ಒಂದು ಫೋನೂ ಬರುವುದಿಲ್ಲ ಎಂಬುದು ಅವರ ಮಾತು. ಭಾನುವಾರದ ಸ್ಥಳೀಯ ಕಲೆಗಳ ಕಾರ್ಯಕ್ರಮವನ್ನೇ ಶನಿವಾರ ಮರುಪ್ರಸಾರ ಮಾಡುತ್ತಾರಂತೆ. ಸೋಬಾನೆ, ಗಮಕ, ಡೊಳ್ಳು, ದೀಪಾವಳಿ ಹೊತ್ತಿಗೆ ಅಂಟಿಗೆ-ಪಂಟಿಗೆ ಎಲ್ಲ ಬರುವ ಕಾರ್ಯಕ್ರಮ ಅದು. ಅದಕ್ಕೆ ಎದುರಾಗಿ ನಿಲ್ಲಲು ನನಗೆ ಮನಸ್ಸಿಲ್ಲ. ಎರಡೂ ಒಂದೇ ವಯಸ್ಸಿನಲ್ಲಿ ನನ್ನ ಕಿವಿಗೆ ಬಿದ್ದವು.

ಚಿಕ್ಕಪ್ಪ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ಹಗಲು ಅವರ ಮನೆಯಲ್ಲಿ ಭದ್ರಾವತಿ ಆಕಾಶವಾಣಿ. ರಾತ್ರಿ ಊಟವಾದ ಮೇಲೆ ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕ. ವಿಲಿಸ್ ಕೊನೋವರ್ ಎನ್ನುವವರು 1955ರಿಂದ ಅದರಲ್ಲಿ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಅರೆಬರೆ ಬರುವವರಿಗೂ ತಿಳಿಯುವಂತೆ ಒಂದೊಂದೇ ಪದ ಬಿಡಿಸಿ ನಿಧಾನವಾಗಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಹೊಸನಗರ ಕಡೆಯ ಅಜ್ಜನ ಮನೆಗೆ ಹೋದರೆ ಜಗಲಿಯಲ್ಲಿ ತಾಳಮದ್ದಳೆ. ಕೂತಲ್ಲೇ ನಡೆಯುವ ಯಕ್ಷಗಾನ ಅದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಮಾತು ಬೆಳೆಸುತ್ತಾನೆ. ವಾಲಿ ಬಾಣ ತಿಂದು ಬಿದ್ದು ರಾಮನನ್ನು ಕೇಳುವ ಪ್ರಶ್ನೆಗಳು ಪ್ರತಿ ರಾತ್ರಿ ಬೇರೆ. ರಾಮ ಆದವರಿಗೆ ಇಂದು ಏನು ಕೇಳುತ್ತಾನೆಂದು ಗೊತ್ತಿರುವುದಿಲ್ಲ. ಎಲೆ ಅಡಿಕೆ ಹಾಕುತ್ತ ಕೂತ ನಮಗೂ ಗೊತ್ತಿರುವುದಿಲ್ಲ.

ಜಾಝ್‌ನಲ್ಲಿ ನನ್ನನ್ನು ಹಿಡಿದದ್ದೂ ಅದೇ. ಗೊತ್ತಿರುವ ಧಾಟಿಯೊಂದನ್ನು ಎಲ್ಲರೂ ಸೇರಿ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಅದರ ಮೇಲೆ ತಮ್ಮ ಮಾತು ಹೇಳುತ್ತಾರೆ. ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ಸ್ಯಾಕ್ಸೋಫೋನಿನವರು ಕೇಳಿದ್ದಕ್ಕೆ ಡ್ರಮ್ಮಿನವರು ಉತ್ತರ ಕೊಡುವುದೂ ಉಂಟು.

ಹಾಗಾಗಿ ಎರಡನ್ನೂ ಒಂದೇ ಅರ್ಧ ಗಂಟೆಯಲ್ಲಿ ಸೇರಿಸಬೇಕೆಂದಿದ್ದೇನೆ: ಹತ್ತು ನಿಮಿಷ ಜಾಝ್, ಹದಿನೈದು ನಿಮಿಷ ನಾವೇ ಧ್ವನಿಮುದ್ರಿಸಿದ ತಾಳಮದ್ದಳೆ, ಉಳಿದದ್ದು ಮಾತು. ನಮ್ಮ ಕಲಾವಿದರಿಗೆ ಇದು ನೋವು ತರುತ್ತದೆಯೇ? ಕೇಳುವವರಿಗೆ ಪಾಠ ಅನ್ನಿಸದಂತೆ ಮಾಡುವುದು ಹೇಗೆ? ಧ್ವನಿಮುದ್ರಣದ ಅನುಭವ ಇದ್ದವರೂ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಮದ್ದಳೆ:

ಸೇರಿಸಿ. ಆದರೆ ಹೋಲಿಕೆಯನ್ನು ಬಿಗಿಯಾಗಿ ಕಟ್ಟಬೇಡಿ. ನಮ್ಮಲ್ಲಿ ಪದ್ಯ ಕವಿ ಬರೆದದ್ದು, ಭಾಗವತರು ಅದರ ಸಾಹಿತ್ಯ ಬದಲಿಸುವುದಿಲ್ಲ. ರಾಗ ಯಾವುದು, ಎಲ್ಲಿ ಎಳೆಯಬೇಕು ಎಂಬುದಷ್ಟೇ ಅವರ ಕೈಯಲ್ಲಿ. ಆಶುವಾಗಿ ಹುಟ್ಟುವುದು ಅರ್ಥ, ಅಂದರೆ ಮಾತು. ಅರ್ಥ ನಡೆಯುವಾಗ ನಾನು ಮದ್ದಳೆ ಮುಟ್ಟುವುದಿಲ್ಲ. ಶ್ರುತಿ ಮಾತ್ರ ಕೇಳುತ್ತಿರುತ್ತದೆ. ಜಾಝ್‌ನಲ್ಲಿ ಒಬ್ಬರ ಸರದಿ, ಅಂದರೆ ಸೋಲೋ, ನಡೆಯುವಾಗ ಉಳಿದವರು ಕೆಳಗೆ ನುಡಿಸುತ್ತಲೇ ಇರುತ್ತಾರಲ್ಲ, ಈ ವ್ಯತ್ಯಾಸ ನೀವೇ ಹೇಳಿಬಿಡಿ. ಆಗ ನಮ್ಮ ಹಿರಿಯ ಅರ್ಥಧಾರಿಗಳಿಗೆ ಅವಮಾನವೂ ಆಗುವುದಿಲ್ಲ, ಕೇಳುವವರಿಗೆ ಕುತೂಹಲವೂ ಹುಟ್ಟುತ್ತದೆ.

ಇನ್ನೊಂದು ಮಾತು. ಜಾಝ್ ಅಮೆರಿಕದಲ್ಲಿ ಗುಲಾಮಗಿರಿ ಕಂಡ ಜನರ ಮಕ್ಕಳು ಮೊಮ್ಮಕ್ಕಳು ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟಿದ ಸಂಗೀತ. ಅದನ್ನು "ಅವರ ತಾಳಮದ್ದಳೆ" ಎಂದು ಕರೆದರೆ ಆ ಜನರ ನೋವೂ ದುಡಿಮೆಯೂ ಮರೆಯಾಗುತ್ತದೆ. ಎರಡನ್ನೂ ಅವುಗಳ ಹೆಸರಿನಿಂದಲೇ ಕರೆಯಿರಿ. ಮೊದಲು ಕೇಳಿಸಿ, ಆಮೇಲೆ ಮಾತಾಡಿ.

ಮುದ್ರಣಕ್ಕೆ ಕರೆಯುವಾಗಲೇ ಕಲಾವಿದರಿಗೆ ಇದು ಯಾವುದರ ಜೊತೆ ಬರುತ್ತದೆಂದು ತಿಳಿಸಿ. ಕೇಳಿ ಒಪ್ಪಿದವರು ಮನಸ್ಸಿಟ್ಟು ಕೂರುತ್ತಾರೆ.

ನೂರು ವ್ಯಾಟ್:

ನಾನು ಬೇರೆ ಜಿಲ್ಲೆಯ ಸಮುದಾಯ ಬಾನುಲಿಯಲ್ಲಿ ತಾಂತ್ರಿಕ ಕೆಲಸ ನೋಡಿದವನು. ನಿಯಮದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಸಮುದಾಯ ಬಾನುಲಿಗೆ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿ ಹೇಳುವುದು ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ 50ರಷ್ಟು ಸ್ಥಳೀಯ ಸಮುದಾಯದ ಪಾಲ್ಗೊಳ್ಳುವಿಕೆಯಿಂದ ಹುಟ್ಟಬೇಕು, ಸಾಧ್ಯವಾದಷ್ಟು ಸ್ಥಳೀಯ ಭಾಷೆಯಲ್ಲಿರಬೇಕು ಎಂದು. ಜಾಝ್ ಹಾಕಬಾರದು ಎಂದು ಎಲ್ಲೂ ಇಲ್ಲ. ಸಮಿತಿಯ ಮುಂದೆ ಜಗಳವಾಡದೆ ಇದನ್ನು ಓದಿ ತೋರಿಸಿ.

ಹಕ್ಕುಗಳ ವಿಷಯದಲ್ಲಿ ಎಚ್ಚರ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡು ಕಟ್ಟಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಳೆಯ ಗ್ರಾಮಫೋನ್ ತಟ್ಟೆ ಎಂದ ಮಾತ್ರಕ್ಕೆ ಎಲ್ಲವೂ ಮುಕ್ತವಲ್ಲ, ಪ್ರತಿಯೊಂದಕ್ಕೂ ಎರಡೂ ಲೆಕ್ಕ ಬರೆದಿಡಿ. ತಾಳಮದ್ದಳೆಯವರಿಂದಲೂ ಒಪ್ಪಿಗೆ ಪತ್ರ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮುದ್ರಿಸಲೇಬೇಡಿ. ಆ ಸದ್ದನ್ನು ಆಮೇಲೆ ತೆಗೆಯಲು ಹೋದರೆ ಮಾತಿನ ಜೀವವೂ ಹೋಗುತ್ತದೆ. ಹಂಚಿನ ಮನೆ ಹುಡುಕಿ. ಅರ್ಥಧಾರಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಮೈಕ್, ಬಾಯಿಂದ ಗೇಣುದ್ದ ದೂರದಲ್ಲಿ. ಚಂಡೆಯವರನ್ನು ಹಿಂದಕ್ಕೆ ಕೂರಿಸಿ. ಅದಕ್ಕೆ ಬೇರೆ ಮೈಕ್ ಬೇಕಿಲ್ಲ, ತಾನಾಗಿಯೇ ಎಲ್ಲದರೊಳಗೂ ಬರುತ್ತದೆ.

ವಿನೋಬನಗರದ ಅಡುಗೆಮನೆ:

ಅಣ್ಣಾ, ನಿಮ್ಮ ಕಾರ್ಯಕ್ರಮ ನಾನು ಕೇಳುತ್ತೇನೆ. ಫೋನ್ ಬರುವುದಿಲ್ಲ ಎಂದು ಸಮಿತಿಯವರು ಹೇಳಿದ್ದು ಓದಿ ಬೇಸರವಾಯಿತು. ಏಳು ಗಂಟೆಗೆ ನನ್ನ ಕೈಯೆಲ್ಲ ಅಕ್ಕಿಹಿಟ್ಟು, ಫೋನ್ ಹೇಗೆ ಮಾಡಲಿ? ನಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಕೇಳುತ್ತಾರೆ, ಅವರದ್ದೂ ಇದೇ ಕಥೆ. ಮರುದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಮಾತು ಕಳಿಸಿ ಎಂದಿದ್ದರೆ ಕಳಿಸುತ್ತಿದ್ದೆವು.

ಪಾಠ ಅನ್ನಿಸುತ್ತದೆಯೇ ಎಂದು ಕೇಳಿದ್ದೀರಿ. ಉದ್ದ ಹೇಳಿದ ದಿನ ಹೌದು, ಅನ್ನಿಸುತ್ತದೆ. ಒಂದು ವಾರ ನೀವು ಡೇವ್ ಬ್ರೂಬೆಕ್ ತಂಡದ 1959ರ ತುಣುಕೊಂದನ್ನು ಹಾಕಿ, "ಇದು ಐದರ ಎಣಿಕೆ, ಎಣಿಸಿ ನೋಡಿ" ಎಂದಷ್ಟೇ ಹೇಳಿದಿರಿ. ಮಗಳು ಭರತನಾಟ್ಯ ಕಲಿಯುತ್ತಾಳೆ. ನಮ್ಮ ಐದೆಣಿಕೆಯ ತಾಳ ಖಂಡಚಾಪು ಎಂದುಕೊಂಡು "ತಕ ತಕಿಟ" ಎಂದು ತಟ್ಟಲು ಹೋದಳು, ಕೂಡಲಿಲ್ಲ. ಸ್ವಲ್ಪ ಹೊತ್ತು ಕೇಳಿ "ಅಮ್ಮಾ, ಇವರದು ತಕಿಟ ತಕ" ಎಂದಳು. ಮೂರು ಮೊದಲು, ಎರಡು ಆಮೇಲೆ. ಊಟಕ್ಕೆ ಕೂತಾಗಲೂ ತಟ್ಟುತ್ತಿದ್ದಳು. ಹಾಗೆ ಒಂದೇ ಸುಳಿವು ಕೊಟ್ಟು ಬಿಟ್ಟುಬಿಡಿ, ಉಳಿದದ್ದು ನಾವು ಮಾಡಿಕೊಳ್ಳುತ್ತೇವೆ.

ಸಾಗರದ ಓಲಗ:

ನಮ್ಮ ಕಡೆ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುವವರು ಇದ್ದಾರೆ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಕರ್ನಾಟಕ ಸಂಗೀತಕ್ಕೆ ಪಳಗಿಸಿದವರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. ಮೊದಲ ವಾರ ಅವರಿಂದ ಶುರು ಮಾಡಿದರೆ ಇದು ಪರದೇಶದ್ದು ಎಂಬ ಮಾತಿಗೆ ಜಾಗವಿರುವುದಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡವೂ ಚಾರ್ಲಿ ಮರಿಯಾನೊ ಎಂಬ ಜಾಝ್ ಸ್ಯಾಕ್ಸೋಫೋನ್ ವಾದಕರೂ ಸೇರಿ 1983ರಲ್ಲಿ ಮುದ್ರಣ ಮಾಡಿದ್ದಾರೆ. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ. ಮದ್ದಳೆ ಕೇಳಿ ಬೆಳೆದವರು ಇದನ್ನು ತಪ್ಪದೆ ಕೇಳಬೇಕು.

ಮಂಡಿ ಲೆಕ್ಕದವ:

ಎಲ್ಲರಿಗೂ ಕೈಮುಗಿಯುತ್ತೇನೆ. ತೀರ್ಥಹಳ್ಳಿಯವರ ಮಾತು ಎರಡು ದಿನ ತಲೆಯಲ್ಲೇ ಇತ್ತು. ಹೋಲಿಕೆಯ ಭಾಷಣ ಬರೆದಿಟ್ಟುಕೊಂಡಿದ್ದೆ, ಅದನ್ನು ಕೈಬಿಟ್ಟೆ.

ನಿನ್ನೆ ಸಮಿತಿಯವರ ಹತ್ತಿರ ಮಾರ್ಗಸೂಚಿ ಹಿಡಿದುಕೊಂಡು ಹೋಗಿದ್ದೆ. ತಂಗೀ, ನಿಮ್ಮ ಅಕ್ಕಿಹಿಟ್ಟಿನ ಮಾತನ್ನೂ ಓದಿ ಹೇಳಿದೆ. ಆಮೇಲೆ ಫೋನಿನ ವಿಷಯ ಯಾರೂ ಎತ್ತಲಿಲ್ಲ. ನಾಲ್ಕು ವಾರ ಮಾಡಿ ನೋಡಿ ಎಂದಿದ್ದಾರೆ. ಮೊದಲ ವಾರ ಗೋಪಾಲನಾಥರು. ಎರಡನೆಯ ವಾರ 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಮುದ್ರಿಸಿದ ಒಂದು ಬ್ಲೂಸ್. ಅದರ ಮೊದಲಿಗೆ ಜೊತೆಗೆ ಯಾರೂ ಇಲ್ಲದೆ ಟ್ರಂಪೆಟ್ ಒಂದೇ ಏರಿ ಇಳಿಯುತ್ತದೆ, ಹೆಚ್ಚೆಂದರೆ ಹದಿನೈದು ಸೆಕೆಂಡು. ಅದಾದ ಕೂಡಲೇ ನಾನು ಏನೂ ಹೇಳದೆ ಭಾಗವತರ ಏರುಪದ್ಯ ಬರಬೇಕು, ಅದರ ಬೆನ್ನಿಗೆ ವಾಲಿಯ ಮೊದಲ ಪ್ರಶ್ನೆ.

ಭಾಗವತರು, ಮದ್ದಳೆ, ಚಂಡೆ, ಇಬ್ಬರು ಅರ್ಥಧಾರಿಗಳು ಒಪ್ಪಿದ್ದಾರೆ. ಬೇಕಿರುವುದು ಜಾಗ. ಗಾಜನೂರು ಅಥವಾ ಮಂಡಗದ್ದೆ ಕಡೆ, ರಸ್ತೆಯ ಸದ್ದು ಕೇಳದ, ಐದು ಜನ ಕೂರುವಷ್ಟು ಜಗಲಿ ಇರುವ ಹಂಚಿನ ಮನೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬರುತ್ತೇವೆ.