ಬಾಗಲಕೋಟೆ: ಅಂಗಡಿ ಮುಚ್ಚಿದ ಮೇಲೆ ಮಾವನವರು ಮನೆ ಬಿಟ್ಟು ಬರುತ್ತಿಲ್ಲ, ಎಲ್ಲಿಗೆ ಕರೆದೊಯ್ಯಲಿ?

ನವನಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಎಪ್ಪತ್ತು ದಾಟಿದೆ. ಹಳೇ ಬಾಗಲಕೋಟೆಯಲ್ಲಿ ಗುಳೇದಗುಡ್ಡ ಖಣ (ರವಿಕೆ ಬಟ್ಟೆ), ಇಳಕಲ್ ಸೀರೆ ಮಾರುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ಮನೆ ಹೋದಾಗಲೂ ಇಷ್ಟು ಕುಗ್ಗಿರಲಿಲ್ಲವಂತೆ. ನವನಗರಕ್ಕೆ ಬಂದ ಮೇಲೂ ದಿನಾ ಬಸ್ ಹತ್ತಿ ಅಂಗಡಿಗೆ ಹೋಗುತ್ತಿದ್ದರು. ಹೋದ ವರ್ಷ ಅಂಗಡಿ ಮುಚ್ಚಿದೆವು. ಆಗಿನಿಂದ ಮಾತು ಕಡಿಮೆ. ಪೇಪರ್, ಟಿವಿ, ಊಟ, ಮತ್ತೆ ಟಿವಿ. ಪಾರ್ಕಿಗೆ ಹೋಗೋಣ ಅಂದರೆ "ಸುಮ್ನೆ ಸುತ್ತು ಹಾಕೋಕೆ ನಾನೇನು ಗಾಣದ ಎತ್ತಾ?" ಅಂತಾರೆ. ಬಾದಾಮಿ ಗುಹೆಗೆ ಕರೆದುಕೊಂಡು ಹೋದೆವು. ಮೆಟ್ಟಿಲು, ಬಿಸಿಲು, ಮಂಗಗಳ ಕಾಟ. ಅರ್ಧಕ್ಕೇ ಕೂತುಬಿಟ್ಟರು. ಮೊಣಕಾಲು ನೋವಿದೆ, ಬಿಪಿ ಇದೆ, ಬೇರೇನಿಲ್ಲ. ಹತ್ತಿರದಲ್ಲಿ ಅವರಿಗೆ ಹಿಡಿಸುವಂಥ ಜಾಗ ಇದ್ದರೆ ಹೇಳಿ.

ಮುಚಖಂಡಿ ಮಾಸ್ತರ:
ತಂಗಿ, ಜಾಗದ ಮಾತು ಆಮೇಲೆ. "ತೋರಿಸ್ತೀವಿ ಬನ್ನಿ" ಅಂತ ಕರೆದರೆ ಅಂಗಡಿ ನಡೆಸಿದ ಮನುಷ್ಯ ಬರುವುದಿಲ್ಲ. ಜೀವಮಾನ ಇಡೀ ಗಿರಾಕಿಗಳ ಮುಂದೆ ಸೀರೆ, ಖಣ ಹರವಿ ತೋರಿಸಿದವರು ಅವರು! "ನಮಗೆ ತಿಳಿಯಲ್ಲ, ನೀವು ಬಂದು ಹೇಳಿ" ಅನ್ನಿ.

ಅದಕ್ಕೇ ನಾನು ಹೇಳೋದು ಮೊದಲು ಗುಳೇದಗುಡ್ಡ. ಕುಣಿ ಮಗ್ಗ (ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ) ಈಗ ಕಡಿಮೆ, ಆದರೆ ಪೂರ್ತಿ ನಿಂತಿಲ್ಲ. ಅವರಿಗೆ ಮಾಲು ಕೊಡುತ್ತಿದ್ದ ನೇಕಾರರ ಮನೆ ಒಂದಾದರೂ ಇದ್ದೇ ಇರುತ್ತದೆ. ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ಖಣದ ಚಿತ್ತಾರದಲ್ಲಿ ತೇರು ಯಾವುದು, ಸೂಜಿ ಮಲ್ಲಿಗೆ ಯಾವುದು, ನೂಲಿನಲ್ಲಿ ರೇಷ್ಮೆ ಯಾವುದು, ಚಮಕಾ (ಕೃತಕ ರೇಷ್ಮೆ) ಯಾವುದು ಅಂತ ಅವರೇ ಬಿಡಿಸಿ ಹೇಳಲಿ. ನೀವು ನಡುವೆ ಬಾಯಿ ಹಾಕಬೇಡಿ. ನೇಕಾರರಿಗೂ ಖುಷಿ, ಯಾಕೆಂದರೆ ಈಗ ಬರುವವರೆಲ್ಲ ಬರೀ ರೇಟು ಕೇಳುತ್ತಾರೆ.

ಅಲ್ಲಿಂದ ಮಹಾಕೂಟ. ಬಾದಾಮಿ ಗುಹೆಗಳ ಹಾಗೆ ಹತ್ತುವ ಕೆಲಸ ಇಲ್ಲ. ದೊಡ್ಡ ಮರಗಳ ನೆರಳು, ಹಳೇ ಗುಡಿಗಳು, ನಡುವೆ ಪುಷ್ಕರಣಿ. ಅದಕ್ಕೆ ಗುಡ್ಡದ ಬುಗ್ಗೆಯ ನೀರು. ಹುಡುಗರು ಧುಮುಕಿ ಈಜುತ್ತಿರುತ್ತಾರೆ, ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯಲ್ಲ. ಚಾಲುಕ್ಯ ಮಂಗಲೇಶನ ಶಾಸನದ ಕಂಬ ಮೊದಲು ಇಲ್ಲೇ ಇತ್ತು, ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ. (ನನ್ನ ಕೇಳಿದರೆ ಇಲ್ಲೇ ಇರಬೇಕಿತ್ತು.) ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಕಟ್ಟಿಕೊಳ್ಳಿ. ಮಂಗಗಳು ಇಲ್ಲೂ ಇವೆ, ಚೀಲ ಕೈಯಲ್ಲೇ ಇರಲಿ.

ಇನ್ನೊಂದು ಸಲ ಪಟ್ಟದಕಲ್ಲು. ಅದೂ ಸಪಾಟು ಜಾಗ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ಇದೆ. ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆ. ಕಥೆ ಗೊತ್ತಿರುವ ಹಿರಿಯರು ಅಲ್ಲಿ ಸುಮ್ಮನಿರಲ್ಲ, ಹೇಳಲು ಶುರು ಮಾಡುತ್ತಾರೆ. ಆದರೆ ಐಹೊಳೆ, ಪಟ್ಟದಕಲ್ಲು, ಬಾದಾಮಿ ಒಂದೇ ದಿನಕ್ಕೆ ಮುಗಿಸುವ ಚಟ ಬೇಡ. ಅದು ಟೂರಿಸ್ಟ್ ಬಸ್ಸಿನವರ ಕೆಲಸ.

ವಾರದ ದಿನ ಸಂಜೆಗೆ ನಮ್ಮ ಮುಚಖಂಡಿ ಕೆರೆ ಸಾಕು. ವೀರಭದ್ರ ದೇವರ ಗುಡಿ ಇದೆ, ಗಾಳಿ ಚೆನ್ನಾಗಿದೆ.

ಬಿಳಿ ಕೋಟು:
ಮಾಸ್ತರರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಾನು ನರ್ಸ್. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆ ನೋಡಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಚಿಕ್ಕ ಅಧ್ಯಯನ, ನಿಜ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಲೆಕ್ಕ ಬಂತು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ಆರೋಗ್ಯ ಚೆನ್ನಾಗಿದೆ ಅಂತ ಹೇಳಿದ್ದು ಜಾಸ್ತಿ. ಒಂದೇ ಸಲ ಕಳೆದರೂ, ಸ್ವಲ್ಪ ಸ್ವಲ್ಪ ಕಳೆದರೂ ಅಷ್ಟೇ. ಆದರೆ ಗಟ್ಟಿ ಇರುವವರೇ ಹೊರಗೆ ಹೋಗುತ್ತಾರೆ ಅಂತಲೂ ಇರಬಹುದು, ಅಲ್ವಾ?

ಒಂದು ಮಾತ್ರ ಗಮನಿಸಿ. ನಿದ್ದೆ, ಊಟ ಕೆಟ್ಟಿದ್ದರೆ, "ಇದ್ದು ಏನು ಮಾಡಲಿ" ಅನ್ನುವ ಮಾತು ಬರುತ್ತಿದ್ದರೆ ಗುಡಿ, ಕೆರೆ ನಂಬಿ ಕೂರಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ರೊಟ್ಟಿ ಬುಟ್ಟಿ:
ಬಾದಾಮಿ ಹತ್ತಿರದ ಬನಶಂಕರಿ ಗುಡಿ ಬಿಟ್ಟೇ ಬಿಟ್ಟಿರಲ್ಲ! ಬುಟ್ಟಿ ಹೊತ್ತ ಅಮ್ಮಂದಿರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಕುಡಿಕೆ ಮೊಸರು ತಗೊಂಡು ಹೊಂಡದ ಕಟ್ಟೆ ಮೇಲೆ ಕೂತು ತಿನ್ನಬೇಕು. ಬನದ ಹುಣ್ಣಿಮೆ ಜಾತ್ರೆಗೆ ನಾಟಕ ಕಂಪನಿಗಳೂ ಬರುತ್ತವೆ. ಹಳಬರಿಗೆ ನಾಟಕದ ಹುಚ್ಚು ಇರುತ್ತೆ, ಕೇಳಿ ನೋಡಿ.

ನವನಗರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ, ಊಟ ಸರಿಯಿದೆ, ಆದರೂ ನಂಬರ್ ಬರೆದಿಟ್ಟುಕೊಂಡೆ. ಗುಳೇದಗುಡ್ಡ ಅಂದ ಕೂಡಲೇ "ಕಾರು ಬೇಡ, ಬಸ್ಸಿಗೆ ಹೋಗೋಣ" ಅಂದರು. ಈ ಮೊಣಕಾಲಲ್ಲಿ ಬಸ್ಸು ಆಗುತ್ತಾ ಮಾಸ್ತರ?

ಮುಚಖಂಡಿ ಮಾಸ್ತರ:
ಬಸ್ಸಿಗೇ ಹೋಗಿ. ಬಸ್ ಸ್ಟ್ಯಾಂಡಿನಲ್ಲೇ ಹತ್ತಿದರೆ ಸೀಟು ಸಿಗುತ್ತದೆ. ಮಹಾಕೂಟಕ್ಕೆ ಮಾತ್ರ ಗುಳೇದಗುಡ್ಡದಿಂದ ಆಟೋ ಮಾತಾಡಿ. ರೇಟು ಮಾವನವರೇ ಕುದುರಿಸಲಿ.