ಹಾರ್ಸ್‌ಗೆ ಹೊಸ ಫಿಫ್ತ್ ವೀಲ್: ಎಲ್ಲಿ ಕೂರಿಸಬೇಕು, ಬೋಲ್ಟೋ ವೆಲ್ಡಿಂಗೋ?

ದಾಬಸ್‌ಪೇಟೆ ಟ್ರೇಲರ್

ಎಲ್ಲರಿಗೂ ನಮಸ್ಕಾರ. ಗಾಡಿ 4×2 (ಎರಡೇ ಆಕ್ಸಲ್) ಹಾರ್ಸ್, ಅಂದ್ರೆ ಟ್ರೇಲರ್ ಎಳೆಯೋ ಮುಂದಿನ ಗಾಡಿ; ವೀಲ್‌ಬೇಸ್ (ಮುಂದಿನ-ಹಿಂದಿನ ಆಕ್ಸಲ್ ನಡುವಿನ ದೂರ) 3600 ಮಿ.ಮೀ., ಹಿಂದೆ 40 ಅಡಿ ಟ್ರೇಲರ್. ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ದಾಬಸ್‌ಪೇಟೆ ಕಡೆಗೆ ಓಡಾಟ. ಬ್ರೇಕ್ ಒತ್ತಿದಾಗಲೂ, ಮತ್ತೆ ಎಳೆಯೋಕೆ ಶುರು ಮಾಡಿದಾಗಲೂ ಹಿಂದಿನಿಂದ ಧಡ್ ಅಂತ ಏಟು ಬರುತ್ತಿದೆ. ಹಳೇ ಫಿಫ್ತ್ ವೀಲ್‌ನ (ಹಾರ್ಸ್ ಮೇಲೆ ಟ್ರೇಲರ್ ಜೋಡಿಸೋ ಪ್ಲೇಟ್) ಲಾಕ್ ಜಾ, ಅಂದ್ರೆ ಟ್ರೇಲರ್ ಅಡಿಯ ಕಿಂಗ್ ಪಿನ್ ಕಚ್ಚಿ ಹಿಡಿಯೋ ದವಡೆ, ಸವೆದಿದೆ ಅಂತ 2 ಇಂಚಿನ ಪಿನ್ನಿಗೆ ಹೊಂದೋ ಹೊಸದನ್ನು ತಂದಿಟ್ಟಿದ್ದೇವೆ.

ಹಳೆಯದು ಹಿಂದಿನ ಆಕ್ಸಲ್‌ನ ಸರಿಯಾಗಿ ಮೇಲೇ ಕೂತಿದೆ. ಹೊಸದನ್ನೂ ಅಲ್ಲೇ ಇಡಬೇಕಾ, ಮುಂದಕ್ಕೆ ತರಬೇಕಾ? ಪೀಣ್ಯದ ಒಬ್ಬ ವೆಲ್ಡರ್ ಪ್ಲೇಟನ್ನು ನೇರ ಚಾಸಿಗೇ ವೆಲ್ಡ್ ಮಾಡಿಬಿಡೋಣ, ಅಲುಗಾಡೋದೇ ಇಲ್ಲ ಅನ್ನುತ್ತಿದ್ದಾರೆ. ಒಪ್ಪಬಹುದಾ? ಕಿಂಗ್ ಪಿನ್‌ನಿಂದ ಟ್ರೇಲರ್ ಮುಂದಿನ ಅಂಚಿಗೆ 900 ಮಿ.ಮೀ. ಇದೆ.

ವರ್ನಿಯರ್

ಸಾರ್, ಹೊಸ ಫಿಫ್ತ್ ವೀಲ್ ಹತ್ತಿಸೋ ಮೊದಲು ಟ್ರೇಲರ್‌ನ ಕಿಂಗ್ ಪಿನ್ ಅಳತೆ ತೆಗೀರಿ. ನೀವು ಹೇಳಿದ ಏಟಿಗೆ ಜಾ ಒಂದೇ ಕಾರಣ ಆಗಿರಬೇಕಿಲ್ಲ. ಸವೆದ ಪಿನ್ನಿಗೆ ಹೊಸ ಜಾ ಕಚ್ಚಿಸಿದರೆ ಸದ್ದು ಹಾಗೇ ಉಳಿಯುತ್ತೆ, ಹೊಸ ಜಾ ಕೂಡ ಬೇಗ ಹಾಳಾಗುತ್ತೆ.

ಗ್ರೀಸನ್ನು ಡೀಸೆಲ್ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಜಾ ಕಚ್ಚುವ ಕುತ್ತಿಗೆ ಭಾಗ ಹೊಸದರಲ್ಲಿ 50.8 ಮಿ.ಮೀ. ಇರುತ್ತೆ, 49ಕ್ಕೆ ಇಳಿದರೆ ಪಿನ್ ಬದಲಿಸಲೇಬೇಕು. ಟ್ರೇಲರ್‌ನ ಅಡಿ ಪ್ಲೇಟಿನ ಪಕ್ಕದ ದಪ್ಪ ಭಾಗ 73, ಅದರ ಮಿತಿ 71. ಒಂದೇ ಕಡೆ ಹಿಡಿದು ನೋಡಿದರೆ ಮೋಸ ಹೋಗ್ತೀರಿ. ಎಳೆತ, ಬ್ರೇಕ್ ಎರಡರ ಒತ್ತಡವೂ ಪಿನ್ನಿನ ಹಿಂದೆ ಮುಂದೆ ಬೀಳೋದು, ಆದ್ದರಿಂದ ಸವೆತವೂ ಅಲ್ಲೇ. ಎಡ-ಬಲಕ್ಕೆ ವರ್ನಿಯರ್ ಹಿಡಿದರೆ 50.5 ತೋರಿಸೋ ಪಿನ್ನು ಹಿಂದೆ-ಮುಂದೆ ಹಿಡಿದಾಗ 49ಕ್ಕಿಂತ ಕೆಳಗಿರಬಹುದು. ಸವೆದ ಜಾಗದಲ್ಲಿ ಉಗುರಿನ ಆಕಾರದ ಹೊಳಪು ಕಣ್ಣಿಗೇ ಕಾಣುತ್ತೆ, ಬೆರಳಾಡಿಸಿದರೆ ಮೆಟ್ಟಿಲಿನಂಥ ಅಂಚು ಸಿಗುತ್ತೆ.

ಸವೆದ ಪಿನ್ನಿಗೆ ವೆಲ್ಡಿಂಗ್ ತುಂಬಿ ಲೇತ್‌ನಲ್ಲಿ ಕಡೆಸೋ ಕೆಲಸ ಮಾತ್ರ ಬೇಡ. ಅದು ಹದ ಕೊಟ್ಟು ಗಟ್ಟಿ ಮಾಡಿದ ಅಲಾಯ್ ಸ್ಟೀಲ್. ವೆಲ್ಡಿಂಗ್ ಶಾಖಕ್ಕೆ ಹದ ಹೋಗಿ ಒಳಗೊಳಗೇ ಬಿರುಕು ಬಿಡುತ್ತೆ. ಇಡೀ ಟ್ರೇಲರನ್ನು ಹಾರ್ಸ್‌ಗೆ ಹಿಡಿದಿಟ್ಟಿರೋದು ಆ ಒಂದು ಪಿನ್.

ಪಿನ್ 2 ಇಂಚಿನದೇ ಅಂತಲೂ ಖಾತ್ರಿ ಮಾಡ್ಕೊಳ್ಳಿ. ಭಾರದ ಲೋ-ಬೆಡ್‌ಗಳಲ್ಲಿ (ತಗ್ಗು ಟ್ರೇಲರ್) 3.5 ಇಂಚಿನದು ಬರುತ್ತೆ, ಒಂದಕ್ಕೊಂದು ಹೊಂದಲ್ಲ. ಟ್ರೇಲರ್‌ನ ಅಡಿ ಪ್ಲೇಟಿಗೆ ಉದ್ದದ ನೇರ ಪಟ್ಟಿ ಹಿಡಿದು ನೋಡಿ, 2 ಮಿ.ಮೀ.ಗಿಂತ ಹೆಚ್ಚು ಉಬ್ಬು-ತಗ್ಗು ಇರಬಾರದು.

ಆಕ್ಸಲ್ ಲೆಕ್ಕ

ಆಕ್ಸಲ್ ನೆತ್ತಿಯ ಮೇಲೆ ಇಡಬೇಡಿ, ಮುಂದಕ್ಕೆ ತನ್ನಿ. ಎಷ್ಟು ಮುಂದೆ ಅನ್ನೋದಕ್ಕೆ ಲೆಕ್ಕ ಸುಲಭ: ಕಿಂಗ್ ಪಿನ್ ಮೇಲಿನ ಭಾರವನ್ನು ಮುಂದಕ್ಕೆ ತಂದ ದೂರದಿಂದ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿ. ಬಂದದ್ದು ಮುಂದಿನ ಆಕ್ಸಲ್‌ಗೆ ಹೋಗೋ ಪಾಲು.

ಪಿನ್ ಮೇಲೆ 10 ಟನ್, 450 ಮಿ.ಮೀ. ಮುಂದೆ ಅಂತಿಟ್ಟುಕೊಳ್ಳಿ. 10 × 450 ÷ 3600 = 1.25 ಟನ್ ಮುಂದಕ್ಕೆ, ಉಳಿದ 8.75 ಹಿಂದಕ್ಕೆ. ಖಾಲಿ ಹಾರ್ಸ್‌ನ ಹಿಂದಿನ ಆಕ್ಸಲ್ 2.5 ಟನ್ ಇದ್ದರೆ ಒಟ್ಟು 11.25. ಈಗ ಇರೋ ಹಾಗೆ ನೆತ್ತಿಯ ಮೇಲೆ ಇಟ್ಟರೆ 12.5 ಪೂರ್ತಿ ಹಿಂದೆ ಬೀಳುತ್ತೆ. ನಾಲ್ಕು ಟೈರಿನ ಆಕ್ಸಲ್‌ಗೆ ಮಿತಿ 11.5. ಜೊತೆಗೆ ಮುಂದಿನ ಚಕ್ರಕ್ಕೆ ಭಾರ ಸಾಲದೆ ಸ್ಟೀರಿಂಗ್ ಹಗುರಾಗುತ್ತೆ. ಮಳೆಗಾಲದಲ್ಲಿ ಶಿರಾಡಿ ಘಾಟ್ ಹತ್ತುವಾಗ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತೆ. ಇದು ನಿಜಕ್ಕೂ ಅಪಾಯ.

ಹಾಗಂತ ಮನಸ್ಸಿಗೆ ಬಂದಷ್ಟು ಮುಂದೆ ತರೋಕೂ ಆಗಲ್ಲ. ನಿಮ್ಮ ಟ್ರೇಲರ್ ಅಗಲ 2440 ಅಂದ್ರೆ ಅರ್ಧ 1220, ಮುಂದೆ 900. ತಿರುಗುವಾಗ ಮೂಲೆ ಬಿಡಿಸೋ ವೃತ್ತದ ತ್ರಿಜ್ಯ ಸುಮಾರು 1516 ಮಿ.ಮೀ. ಹಂಪ್ ಮೇಲೆ ಹಾರ್ಸ್ ಬಾಗಿದಾಗ ತಾಗದಿರಲು ಇನ್ನೂ 150 ಸೇರಿಸಿ. ಅಂದರೆ ಕ್ಯಾಬಿನ್ ಹಿಂಭಾಗಕ್ಕೆ, ಏರ್ ಕ್ಲೀನರ್ ಪೈಪ್ ಹೊರಚಾಚಿದ್ದರೆ ಆ ಪೈಪಿಗೆ, ಪಿನ್ನಿನಿಂದ ಕಡೇ ಪಕ್ಷ 1670 ಬೇಕು. ಹಿಂದುಗಡೆಯೂ ನೋಡಿ: ಪಿನ್ ಮುಂದಕ್ಕೆ ಹೋದಷ್ಟೂ ತಿರುವಿನಲ್ಲಿ ಹಾರ್ಸ್‌ನ ಹಿಂದಿನ ಮೂಲೆ ಟ್ರೇಲರ್‌ನ ಲ್ಯಾಂಡಿಂಗ್ ಲೆಗ್‌ಗೆ (ಬಿಡಿಸಿಟ್ಟಾಗ ಟ್ರೇಲರ್ ನಿಲ್ಲೋ ಕಾಲು) ಹತ್ತಿರವಾಗುತ್ತೆ.

ಕೊನೇ ಮಾತು ಚಾಸಿ ತಯಾರಕರ ಬಾಡಿ ಬಿಲ್ಡರ್ ಮ್ಯಾನ್ಯುಯಲ್‌ನದು, ನಿಮ್ಮ ಮಾಡೆಲ್‌ಗೆ ಎಲ್ಲಿಂದ ಎಲ್ಲಿಯವರೆಗೆ ಅಂತ ಅದರಲ್ಲಿ ಕೊಟ್ಟಿರ್ತಾರೆ. ಕೂರಿಸಿದ ಮೇಲೆ ಲೋಡ್ ಸಮೇತ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸಲ್ ಒಂದನ್ನೇ ಹತ್ತಿಸಿ ತೂಗಿ.

ಚಾಸಿ ಕೆಲಸ

ವೆಲ್ಡಿಂಗ್‌ಗೆ ಒಪ್ಪಬೇಡಿ ಅಣ್ಣ. ಚಾಸಿ ಹೈ-ಟೆನ್ಸೈಲ್ ಸ್ಟೀಲ್. ವೆಲ್ಡ್ ಬಿದ್ದ ಜಾಗದ ಅಂಚಿನಿಂದಲೇ ಬಿರುಕು ಶುರುವಾಗುತ್ತೆ, ಅದರಲ್ಲೂ ಮೇಲಿನ ಫ್ಲ್ಯಾಂಜ್‌ನಲ್ಲಿ (ಚಾಸಿಯ ಮಡಚಿದ ಅಡ್ಡ ಅಂಚು). ಫ್ಲ್ಯಾಂಜ್‌ಗೆ ತೂತು ಕೂಡ ಕೊರೆಯಬಾರದು.

ಸರಿಯಾದ ಕ್ರಮ ಹೀಗೆ. ಚಾಸಿಯ ಎರಡೂ ಪಕ್ಕಕ್ಕೆ, ನಿಂತ ಗೋಡೆ ಭಾಗಕ್ಕೆ ಎಲ್ ಆ್ಯಂಗಲ್ ಬೋಲ್ಟ್ ಮಾಡಿ. ಅದರ ಮೇಲೆ ಮೌಂಟಿಂಗ್ ಪ್ಲೇಟ್, ಪ್ಲೇಟಿನ ಮೇಲೆ ಪೆಡೆಸ್ಟಲ್ (ಫಿಫ್ತ್ ವೀಲ್ ಹೊತ್ತು ನಿಲ್ಲೋ ಕಾಲು). ತೂತನ್ನು ಡ್ರಿಲ್‌ನಲ್ಲೇ ಕೊರೆಯಬೇಕು. ಗ್ಯಾಸ್ ಕಟರ್‌ನಲ್ಲಿ ಊದಿದ ತೂತು ಸೊಟ್ಟಗಿರುತ್ತೆ, ಬೋಲ್ಟ್ ಒಳಗೇ ಆಡುತ್ತೆ. ಕೊರೆಯೋ ಮೊದಲು ಚಾಸಿ ಒಳಬದಿಯ ಏರ್ ಪೈಪು, ವೈರಿಂಗ್ ಸರಿಸಿಕೊಳ್ಳಿ.

ಪೆಡೆಸ್ಟಲ್ ಬೋಲ್ಟ್ ಎಂ16, ಗ್ರೇಡ್ 8.8ಕ್ಕೆ ಕಡಿಮೆ ಬೇಡ. ಟಾರ್ಕ್ ಸುಮಾರು 210 ನ್ಯೂಟನ್ ಮೀಟರ್, ತಯಾರಕರ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಸ್ಪ್ಯಾನರಿಗೆ ಪೈಪ್ ಹಾಕಿ ಎಳೆಯೋದು ಲೆಕ್ಕಕ್ಕಿಲ್ಲ, ಟಾರ್ಕ್ ರೆಂಚ್ ಬೇಕು. ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಹಳೇ ನೈಲಾಕ್ (ನೈಲಾನ್ ಉಂಗುರದ) ನಟ್ ಮತ್ತೆ ಬಳಸಬೇಡಿ.

ಎಲ್ಲರೂ ಮರೆಯೋದು ಎರಡು. ಒಂದು, ಪ್ಲೇಟುಗಳ ನಡುವೆ ದಪ್ಪ ಪೇಂಟ್ ಇರಬಾರದು. ಭಾರಕ್ಕೆ ಪೇಂಟ್ ಅಮುಕಿಕೊಂಡು ಬೋಲ್ಟ್ ಬಿಗಿ ತಾನಾಗೇ ಇಳಿಯುತ್ತೆ. ಇನ್ನೊಂದು, ಪೆಡೆಸ್ಟಲ್‌ನ ಹಿಂದೆ ಮುಂದೆ ಒತ್ತಿಕೊಂಡ ಹಾಗೆ ತಡೆ ಪಟ್ಟಿ ಬೇಕು. ಅದನ್ನು ಮೌಂಟಿಂಗ್ ಪ್ಲೇಟಿಗೆ ವೆಲ್ಡ್ ಮಾಡಬಹುದು, ಪ್ಲೇಟ್ ಗಾಡಿಯಿಂದ ಕೆಳಗಿರುವಾಗಲೇ. ಬ್ರೇಕ್ ಏಟು ಪಟ್ಟಿಗೆ ಬೀಳಬೇಕು, ಬೋಲ್ಟ್ ಕತ್ತರಿಸೋ ಹಾಗೆ ಬೀಳಬಾರದು.

ಲೋಡ್‌ನಲ್ಲಿ 500 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ. ಬೋಲ್ಟ್ ತಲೆಯ ಕೆಳಗಿಂದ ಕಂದು ಬಣ್ಣದ ಗೆರೆ ಇಳಿದಿದ್ದರೆ ಅದು ಸಡಿಲವಾಗಿ ಉಜ್ಜುತ್ತಿದೆ ಅಂತಲೇ ಅರ್ಥ.

ದಾಬಸ್‌ಪೇಟೆ ಟ್ರೇಲರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿನ್ ಅಳೆದೆವು: ಎಡ-ಬಲ 50.3, ಹಿಂದೆ-ಮುಂದೆ 48.7. ಪಿನ್ ಬದಲಿಸುತ್ತಿದ್ದೇವೆ. ಫಿಫ್ತ್ ವೀಲ್ 450 ಮುಂದೆ, ಬೋಲ್ಟ್‌ನಲ್ಲೇ. ಮೊದಲ ಸಲ ಜೋಡಿಸುವಾಗ ಏನು ನೋಡಬೇಕು?

ವರ್ನಿಯರ್

ಹೊಸ ಫಿಫ್ತ್ ವೀಲ್ ಪ್ಲೇಟಿನ ಮೇಲೆ, ಜಾ ಒಳಗೆ, ಪಿನ್ನಿಗೆ ಇಪಿ (ಹೆಚ್ಚು ಒತ್ತಡ ತಡೆಯೋ) ಗ್ರೀಸ್ ಬಳಿಯಿರಿ. ಮುಂದೆಯೂ ಪ್ರತಿ ಸಲ ಹಳೇ ಗ್ರೀಸ್ ಒರೆಸಿಯೇ ಹೊಸದು ಹಾಕಿ, ಧೂಳು ಬೆರೆತ ಗ್ರೀಸ್ ಲೋಹವನ್ನು ಮರಳು ಕಾಗದದ ಹಾಗೆ ತಿನ್ನುತ್ತೆ.

ಹಾರ್ಸ್ ಹಿಂದಕ್ಕೆ ಬರುವಾಗ ಟ್ರೇಲರ್ ಪ್ಲೇಟ್ ಫಿಫ್ತ್ ವೀಲ್‌ಗಿಂತ ಒಂದೂವರೆ-ಎರಡು ಇಂಚು ಕೆಳಗಿರಲಿ, ಉಜ್ಜಿಕೊಂಡೇ ಮೇಲೇಳಬೇಕು. ಟ್ರೇಲರ್ ಎತ್ತರದಲ್ಲಿದ್ದರೆ ಪಿನ್ ಜಾ ಮೇಲೆ ಕೂರುತ್ತೆ. ಹ್ಯಾಂಡಲ್ ಒಳಗೆ ಹೋಗಿ ಲಾಕ್ ಆದ ಹಾಗೇ ಕಾಣುತ್ತೆ, ಮೊದಲ ತಿರುವಿನಲ್ಲಿ ಟ್ರೇಲರ್ ಕಳಚುತ್ತೆ.

ಟ್ರೇಲರ್ ಬ್ರೇಕ್ ಹಾಕಿಟ್ಟು ಫಸ್ಟ್ ಗೇರ್‌ನಲ್ಲಿ ಮೆಲ್ಲಗೆ ಒಮ್ಮೆ ಎಳೆದು ನೋಡಿ. ಆಮೇಲೆ ಇಳಿದು ಟಾರ್ಚ್ ಬಿಟ್ಟು ನೋಡಿ: ಎರಡು ಪ್ಲೇಟುಗಳ ನಡುವೆ ಬೆಳಕು ತೂರಬಾರದು, ಜಾ ಪಿನ್ನಿನ ಹಿಂದೆ ಪೂರ್ತಿ ಮುಚ್ಚಿರಬೇಕು. ಇದಾದ ಮೇಲೆಯೇ ಲ್ಯಾಂಡಿಂಗ್ ಲೆಗ್ ಎತ್ತಿ.